ಟಿವಿ ತೆಳ್ಳಗಾಯಿತು, ಮಾತು ಎಲ್ಲಿ ಹೋಯಿತು?

ರಾತ್ರಿ ಊಟ ಮುಗಿಸಿ ಮನೆಮಂದಿಯೆಲ್ಲ ಒಂದು ಸಿನಿಮಾ ಹಾಕಿಕೊಂಡು ಕೂತಾಗ ನಡೆಯುವುದನ್ನು ಗಮನಿಸಿ. ನಾಯಕ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಾನೆ. "ಏನಂದ?" ಎಂದು ಅಜ್ಜಿ ಕೇಳುತ್ತಾರೆ. ರಿಮೋಟ್ ಹಿಡಿದವರು ಸೌಂಡನ್ನು ಹದಿನೆಂಟರಿಂದ ಮೂವತ್ತಕ್ಕೆ ಏರಿಸುತ್ತಾರೆ. ಅಷ್ಟರಲ್ಲಿ ಹೊಡೆದಾಟ ಶುರುವಾಗಿ, ಒಳಗೆ ಮಲಗಿದ್ದ ಮಗು ಬೆಚ್ಚಿ ಎದ್ದು, ಸೌಂಡ್ ಮತ್ತೆ ಹದಿನೈದಕ್ಕೆ ಇಳಿಯುತ್ತದೆ. ಸಿನಿಮಾ ಮುಗಿಯುವವರೆಗೂ ಇದೇ ಹತ್ತಿ ಇಳಿಯುವ ಕೆಲಸ. ಚಿತ್ರವೇನೋ ನಟನ ಹಣೆಯ ಬೆವರ ಹನಿಯೂ ಕಾಣುವಷ್ಟು ಸ್ಪಷ್ಟ. ಅವನಾಡಿದ ಮಾತು ಮಾತ್ರ ತಿಳಿಯದು.

ಈಗಿನ ನಟರು ಮಾತು ನುಂಗುತ್ತಾರೆ ಎನ್ನುವವರಿದ್ದಾರೆ. ನಮ್ಮ ಕಿವಿಗೇ ವಯಸ್ಸಾಯಿತು ಎಂದು ಸುಮ್ಮನಾಗುವವರೂ ಇದ್ದಾರೆ. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ದೊಡ್ಡ ಕಾರಣ ಗೋಡೆಯ ಮೇಲಿರುವ ಆ ಟಿವಿಯಲ್ಲೇ ಇದೆ. 1980ರ ದಶಕದ ಡಯನೋರಾ, ಸಾಲಿಡೇರ್ ಕಾಲದ ಸೆಟ್ಟುಗಳನ್ನು ನೋಡಿದವರು ನೆನಪಿಸಿಕೊಳ್ಳಿ. ಗಾಜಿನ ಕೊಳವೆಯ ಪರದೆಗೆ ಹಿಂದೆ ಮೊಳದುದ್ದ ಜಾಗ ಬೇಕಿತ್ತು. ಹಾಗಾಗಿ ಪೆಟ್ಟಿಗೆ ದೊಡ್ಡದಿರುತ್ತಿತ್ತು. ಆ ಪೆಟ್ಟಿಗೆಯ ಮುಂಭಾಗದಲ್ಲೇ, ಪರದೆಯ ಪಕ್ಕದಲ್ಲಿ, ನೋಡುವವರ ಮುಖಕ್ಕೆ ನೇರವಾಗಿ ಅಂಗೈಯಗಲದ ಒಂದು ಸ್ಪೀಕರ್ ಕೂರಿಸುವುದು ಕಷ್ಟವಾಗಿರಲಿಲ್ಲ. ಅಂದಿನ ಚಿತ್ರ ಮಸುಕು, ಮಾತು ಸ್ಪಷ್ಟ. ಇಂದು ಪರದೆಯ ಸುತ್ತ ಅಂಚೇ ಉಳಿದಿಲ್ಲ, ದಪ್ಪವೂ ಉಳಿದಿಲ್ಲ. ಸ್ಪೀಕರ್ ಸಣ್ಣದಾಗಿ ಟಿವಿಯ ತಳಕ್ಕೋ ಬೆನ್ನಿಗೋ ಹೋಗಿದೆ.

ಕಡಿಮೆ ಖರ್ಚಿನಲ್ಲಿ, ಮನೆಯ ಹಿರಿಯರಿಗೂ ತೊಡಕಾಗದ ಹಾಗೆ, ಟಿವಿಗೆ ಒಂದು ಒಳ್ಳೆಯ ಧ್ವನಿ ಕೊಡಿಸುವುದು ಹೇಗೆ? ಅಂಗಡಿಗೆ ಹೋಗುವ ಮೊದಲು ಧ್ವನಿ ಎಂದರೇನು ಎಂಬಲ್ಲಿಂದ ಶುರುಮಾಡಿದರೆ, ಡಬ್ಬಿಯ ಮೇಲಿನ ಅರ್ಧಕ್ಕರ್ಧ ಅಂಕಿಗಳನ್ನು ಓದುವ ಕಷ್ಟವೇ ತಪ್ಪುತ್ತದೆ.

ಗಾಳಿ ತಳ್ಳುವ ಕೆಲಸ

ಸ್ಪೀಕರಿನ ಎದುರಿನ ಜಾಲರಿ ತೆಗೆದರೆ ಕಾಣುವುದು ಕಾಗದದ ಅಥವಾ ಪ್ಲಾಸ್ಟಿಕ್ಕಿನ ಒಂದು ತಟ್ಟೆ. ನಡುವೆ ಒಳಕ್ಕೆ ತಗ್ಗಿರುವ ಈ ತಟ್ಟೆಗೆ ಕೋನ್ ಎನ್ನುತ್ತಾರೆ. ಅದರ ಬುಡದಲ್ಲಿ ತಾಮ್ರದ ತಂತಿಯ ಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಅತ್ತಿತ್ತ ಹರಿದಂತೆ ಕೋನ್ ಮುಂದಕ್ಕೂ ಹಿಂದಕ್ಕೂ ಅಲುಗುತ್ತದೆ, ತನ್ನೆದುರಿನ ಗಾಳಿಯನ್ನು ತಳ್ಳುತ್ತದೆ, ಎಳೆಯುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಈ ವಿನ್ಯಾಸವನ್ನು ವಿವರಿಸಿದರು. ನೂರು ವರ್ಷವಾದರೂ ನಮ್ಮ ಮನೆಯ ಬಹುತೇಕ ಸ್ಪೀಕರುಗಳು ಅದೇ ದಾರಿಯಲ್ಲಿ ಕೆಲಸ ಮಾಡುತ್ತಿವೆ. ಟಿವಿಯ ಪರದೆ ಈ ಅವಧಿಯಲ್ಲಿ ಎಷ್ಟೋ ಬಾರಿ ಬದಲಾಯಿತು. ಗಾಳಿಯನ್ನು ಅಲುಗಿಸುವ ಕೆಲಸಕ್ಕೆ ಮಾತ್ರ ಅಡ್ಡದಾರಿ ಸಿಕ್ಕಿಲ್ಲ.

ಕೋನ್ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಎಂಬುದರ ಮೇಲೆ ಸ್ವರ ಮಂದ್ರವೋ ತಾರವೋ ಎಂಬುದು ನಿರ್ಧಾರವಾಗುತ್ತದೆ. ಸೆಕೆಂಡಿಗೆ ಒಂದು ಅಲುಗಾಟ ಎಂದರೆ ಒಂದು ಹರ್ಟ್ಸ್. ಎಳೆಯ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ಇಲ್ಲೊಂದು ಮುಖ್ಯವಾದ ಲೆಕ್ಕವಿದೆ. ಸ್ವರ ಅರ್ಧದಷ್ಟು ಕೆಳಗಿಳಿದಾಗಲೆಲ್ಲ, ಅಷ್ಟೇ ಜೋರಾಗಿ ಕೇಳಿಸಲು ಸ್ಪೀಕರ್ ನಾಲ್ಕು ಪಟ್ಟು ಹೆಚ್ಚು ಗಾಳಿ ಸರಿಸಬೇಕು. 400 ಹರ್ಟ್ಸ್‌ನಿಂದ 200ಕ್ಕೆ ಇಳಿದರೆ ನಾಲ್ಕು ಪಟ್ಟು, 100ಕ್ಕೆ ಇಳಿದರೆ ಹದಿನಾರು ಪಟ್ಟು, 50ಕ್ಕೆ ಇಳಿದರೆ ಅರವತ್ತನಾಲ್ಕು ಪಟ್ಟು.

ಸೌದೆ ಒಲೆ ಊದಿದವರಿಗೆ ಇದು ಕೈಯಾರೆ ಗೊತ್ತು. ಮೊರ ಹಿಡಿದು ನಿಧಾನವಾಗಿ ಬೀಸಿದರೂ ಕೆಂಡ ಕೆಂಪಾಗುತ್ತದೆ. ಕೈಯಲ್ಲಿರುವುದು ಒಂದು ಪೋಸ್ಟ್‌ಕಾರ್ಡ್ ಆದರೆ ಪಟಪಟನೆ ವೇಗವಾಗಿ ಬಡಿದರೆ ಮಾತ್ರ ಒಂದಿಷ್ಟು ಗಾಳಿ. ನಿಧಾನವಾಗಿ ಬೀಸಿದರೆ ಗಾಳಿ ಕಾರ್ಡಿನ ಅಂಚು ಸುತ್ತಿ ಹಿಂದಕ್ಕೆ ಜಾರಿಬಿಡುತ್ತದೆ, ಕೆಂಡಕ್ಕೆ ತಟ್ಟುವುದಿಲ್ಲ. ಸಣ್ಣ ಸ್ಪೀಕರಿನ ಪಾಡೂ ಇದೇ. ವೇಗದ ಅಲುಗಾಟವಾದ ತಾರ ಸ್ವರ ಅದಕ್ಕೆ ಸಲೀಸು, ನಿಧಾನದ ಅಲುಗಾಟವಾದ ಮಂದ್ರ ಅದರ ಕೈಗೆಟುಕದು.

ಅಂಕಿಯಲ್ಲೇ ನೋಡೋಣ. ತೆಳ್ಳನೆಯ ಟಿವಿಯ ಕೋನಿನ ಅಗಲ 4 ಸೆಂಟಿಮೀಟರ್, ಅಲುಗಾಟ ಒಟ್ಟು 2 ಮಿಲಿಮೀಟರ್ ಎಂದಿಟ್ಟುಕೊಂಡರೆ ಒಂದು ಸಲಕ್ಕೆ ಸರಿಯುವ ಗಾಳಿ ಸುಮಾರು ಎರಡೂವರೆ ಮಿಲಿಲೀಟರ್. ಅರ್ಧ ಚಮಚದಷ್ಟು. 13 ಸೆಂಟಿಮೀಟರ್ ಅಗಲದ ಕೋನ್ ಒಂದು ಸೆಂಟಿಮೀಟರ್ ಅಲುಗಿದರೆ ಸುಮಾರು 130 ಮಿಲಿಲೀಟರ್. ಒಂದು ದೊಡ್ಡ ಲೋಟ ಕಾಫಿಯಷ್ಟು. ವ್ಯತ್ಯಾಸ ಐವತ್ತು ಪಟ್ಟು. ಮೇಲಿನ ನಾಲ್ಕು ಪಟ್ಟಿನ ಲೆಕ್ಕಕ್ಕೆ ಇದನ್ನು ಹೊಂದಿಸಿದರೆ, ಸಣ್ಣ ಕೋನ್ 350 ಹರ್ಟ್ಸ್‌ನಲ್ಲಿ ಎಷ್ಟು ಜೋರಾಗಿ ಕೇಳುತ್ತದೋ ಅಷ್ಟೇ ಜೋರಾಗಿ ದೊಡ್ಡದು 50 ಹರ್ಟ್ಸ್‌ನಲ್ಲಿ ಕೇಳಿಸಬಲ್ಲದು. ಯಾವ ಸಾಫ್ಟ್‌ವೇರೂ ಸಣ್ಣ ಕೋನಿಗೆ ಈ ಅಗಲ ಕೊಡಲಾರದು.

ಪೆಟ್ಟಿಗೆಯ ದಪ್ಪಕ್ಕೂ ಇದರಲ್ಲಿ ಪಾಲಿದೆ. ಕೋನ್ ಮುಂದಕ್ಕೆ ತಳ್ಳುವಾಗ ಹಿಂದೆ ಗಾಳಿ ತೆಳುವಾಗುತ್ತದೆ. ಮುಂದಿನದೂ ಹಿಂದಿನದೂ ಕೂಡಿಕೊಂಡರೆ ಮಂದ್ರ ಸ್ವರ ಅಲ್ಲಿಗಲ್ಲಿಗೇ ರದ್ದಾಗುತ್ತದೆ. ಅದಕ್ಕೇ ಸ್ಪೀಕರಿನ ಬೆನ್ನಿಗೆ ಪೆಟ್ಟಿಗೆ ಬೇಕು. ಪೆಟ್ಟಿಗೆ ತೀರಾ ಕಿರಿದಾದರೆ ಒಳಗೆ ಸಿಕ್ಕಿಕೊಂಡ ಗಾಳಿ ಬಿಗಿಯಾಗಿ, ಕೋನನ್ನು ಸರಾಗವಾಗಿ ಅಲುಗಲು ಬಿಡುವುದಿಲ್ಲ.

ಮೃದಂಗದ ಎಡಗೈ

ಟಿವಿಯಲ್ಲಿ ಒಂದು ಕರ್ನಾಟಕ ಸಂಗೀತ ಕಛೇರಿ ಹಾಕಿ, ಮೃದಂಗಕ್ಕೆ ಮಾತ್ರ ಕಿವಿಗೊಡಿ. ಬಲಗೈಯ ನಾದ ಖಣಿಲ್ಲೆಂದು ಕೇಳುತ್ತದೆ. ಎಡಗೈ ಕಣ್ಣಿಗೆ ಬೀಳುತ್ತದೆ, ಕಿವಿಗೆ ಬೀಳುವುದಿಲ್ಲ. ಬಲಮುಖದಲ್ಲಿ ಶಾಶ್ವತವಾಗಿ ಮೆತ್ತಿದ ಕಪ್ಪು ಕರಣೆ ಇರುತ್ತದೆ. ಎಡಮುಖಕ್ಕೆ ಕಛೇರಿಗೆ ಮುಂಚೆ ಕಲಸಿದ ರವೆಯನ್ನು ಮೆತ್ತುತ್ತಾರೆ. ರವೆಯ ಭಾರಕ್ಕೆ ಚರ್ಮದ ಅಲುಗಾಟ ನಿಧಾನವಾಗಿ ನಾದ ಕೆಳಗಿಳಿಯುತ್ತದೆ. ಈ ವಾದ್ಯಗಳ ಭೌತಶಾಸ್ತ್ರವನ್ನು ಮೊದಲು ಬಿಡಿಸಿ ನೋಡಿದವರು ಸಿ. ವಿ. ರಾಮನ್. ಕರಣೆಯ ಭಾರದಿಂದಲೇ ನಮ್ಮ ಮೃದಂಗ, ತಬಲಾಗಳ ಉಪಸ್ವರಗಳು ಮೂಲಸ್ವರದ ಜೊತೆ ಶ್ರುತಿಗೂಡುತ್ತವೆ ಎಂದು 1920ರಲ್ಲಿ ಶಿವಕಾಳಿ ಕುಮಾರ್ ಜೊತೆ ಅವರು ನೇಚರ್ ಪತ್ರಿಕೆಯಲ್ಲಿ ಬರೆದರು. ಮುಂದೆ ಬೆಂಗಳೂರಿನಲ್ಲಿದ್ದಾಗ 1934ರಲ್ಲಿ ಇದೇ ವಿಷಯಕ್ಕೆ ಮರಳಿ ವಿಸ್ತಾರವಾಗಿ ಪ್ರಕಟಿಸಿದರು. ಇಷ್ಟು ಜತನದಿಂದ ತಗ್ಗಿಸಿದ ಆ ನಾದವನ್ನು ತೆಳ್ಳನೆಯ ಟಿವಿ ನಮಗೆ ತಲುಪಿಸುವುದೇ ಇಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಯಕ್ಷಗಾನದ ಮದ್ದಳೆಯ ಗತಿಯೂ ಇದೇ. ಚೆಂಡೆ ಉಳಿಯುತ್ತದೆ, ಮದ್ದಳೆ ಅಳಿಸಿಹೋಗುತ್ತದೆ.

ಹಾಗಿದ್ದರೂ ಏನೋ ಕೊರತೆಯಿದೆ ಎಂದು ತಟ್ಟನೆ ಹೊಳೆಯುವುದಿಲ್ಲ. ಮಿದುಳು ಆ ಖಾಲಿಯನ್ನು ತುಂಬಿಕೊಳ್ಳುತ್ತದೆ. ಹಳೆಯ ದೂರವಾಣಿಯಲ್ಲಿ 300ರಿಂದ 3,400 ಹರ್ಟ್ಸ್‌ನ ನಡುವಿನ ಸದ್ದಷ್ಟೇ ಹರಿಯುತ್ತಿತ್ತು. ಗಂಡಸರ ದನಿಯ ಮೂಲಸ್ವರ ಸಾಮಾನ್ಯವಾಗಿ 85ರಿಂದ 180 ಹರ್ಟ್ಸ್. ಅಂದರೆ ಅದು ತಂತಿಯಲ್ಲಿ ಬರುತ್ತಲೇ ಇರಲಿಲ್ಲ. ಆದರೂ ಅಪ್ಪನ ದನಿ ಅಪ್ಪನ ದನಿಯೇ ಎಂದು ಗೊತ್ತಾಗುತ್ತಿತ್ತು. ಮೇಲಿನ ಉಪಸ್ವರಗಳ ನಡುವಿನ ಅಂತರದಿಂದ ಮಿದುಳು ಕಾಣೆಯಾದ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ. ದನಿ ಯಾರದೆಂದು ಗುರುತಿಸಲು ಈ ಊಹೆ ಸಾಕು. ಎರಡು ಗಂಟೆ ಕೂತು ಸಿನಿಮಾ ನೋಡಿದರೆ ದಣಿವಾಗುವುದಕ್ಕೆ ಈ ಬಿಡುವಿಲ್ಲದ ಊಹೆಯೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಕಾಲು, ಪಾಲು, ಸಾಲು, ಹಾಲು

ಮಂದ್ರದ ಮಾತು ಇಷ್ಟಾಯಿತು. ಆದರೆ "ಏನಂದ?" ಎಂದು ಅಜ್ಜಿ ಕೇಳಿದ್ದು ಮಂದ್ರ ಇಲ್ಲದ್ದಕ್ಕಲ್ಲ. ಆ ಪ್ರಶ್ನೆಯ ಉತ್ತರ ಸ್ವರದ ಇನ್ನೊಂದು ತುದಿಯಲ್ಲಿದೆ.

ಕಾಲು, ಪಾಲು, ಸಾಲು, ಹಾಲು. ಈ ನಾಲ್ಕನ್ನೂ ಜೋರಾಗಿ ಹೇಳಿ ನೋಡಿ. "ಆಲು" ಎಂಬ ಉದ್ದನೆಯ ಭಾಗ ನಾಲ್ಕರಲ್ಲೂ ಒಂದೇ. ಉಸಿರಿನ ಬಲವೆಲ್ಲ ಹೋಗುವುದು ಅದಕ್ಕೇ. ಅರ್ಥ ಬದಲಿಸುವುದು ಮೊದಲಿಗೆ ಕ್ಷಣಮಾತ್ರ ಬಂದು ಹೋಗುವ ವ್ಯಂಜನ. ಸ್ವರಾಕ್ಷರಗಳ ಶಕ್ತಿ ಹೆಚ್ಚಾಗಿ 1,000 ಹರ್ಟ್ಸ್‌ಗಿಂತ ಕೆಳಗಿದೆ. ವ್ಯಂಜನಗಳ ಗುರುತು 2,000 ಹರ್ಟ್ಸ್‌ಗಿಂತ ಮೇಲೆ, "ಸ" ಎಂಬ ಸೀತ್ಕಾರದ ಬಹುಪಾಲು 4,000 ದಾಟಿ ಇರುತ್ತದೆ. ಮಾತಿನ ಜೋರು ಒಂದು ಕಡೆ, ಮಾತಿನ ಅರ್ಥ ಇನ್ನೊಂದು ಕಡೆ.

ಸಣ್ಣ ಸ್ಪೀಕರಿಗೆ ತಾರ ಸ್ವರ ಸಲೀಸು ಎಂದೆನಲ್ಲ, ಮತ್ತೆ ವ್ಯಂಜನ ಕಳೆದುಹೋಗುವುದು ಹೇಗೆ? ದಾರಿಯಲ್ಲಿ. ಮಂದ್ರದ ಅಲೆ ಉದ್ದ. 100 ಹರ್ಟ್ಸ್‌ನ ಒಂದು ಅಲೆ ಮೂರೂವರೆ ಮೀಟರ್ ಹತ್ತಿರ ಚಾಚಿರುತ್ತದೆ, ಹಾಗಾಗಿ ಟಿವಿಯನ್ನೂ ಸೋಫಾವನ್ನೂ ಸುತ್ತಿ ಬಂದು ಮುಟ್ಟುತ್ತದೆ. 5,000 ಹರ್ಟ್ಸ್‌ನ ಅಲೆಯ ಉದ್ದ ಏಳು ಸೆಂಟಿಮೀಟರ್. ಅದು ತಿರುವು ತೆಗೆದುಕೊಳ್ಳದು. ಹೊರಟ ದಿಕ್ಕಿನಲ್ಲೇ ಹೋಗುತ್ತದೆ. ಟಿವಿಯ ತಳದಲ್ಲಿ ನೆಲ ನೋಡುತ್ತಿರುವ ಸ್ಪೀಕರಿನಿಂದ ಹೊರಟ "ಸ" ಮೊದಲು ಟಿವಿ ಸ್ಟ್ಯಾಂಡಿಗೆ ಬಡಿದು, ಅಲ್ಲಿ ಹೊದಿಸಿದ ಕ್ರೋಶಾ ಬಟ್ಟೆಯಲ್ಲಿ ಒಂದಿಷ್ಟು ಇಂಗಿ, ಉಳಿದದ್ದು ಗೋಡೆಗೆ ತಾಗಿ ನಮ್ಮ ಕಡೆ ಬರುತ್ತದೆ. ಅಷ್ಟರಲ್ಲಿ ಅದರ ಹರಿತ ಹೋಗಿರುತ್ತದೆ.

ನಂಬಿಕೆಯಾಗದಿದ್ದರೆ ಖರ್ಚಿಲ್ಲದ ಒಂದು ಪರೀಕ್ಷೆ ಮಾಡಬಹುದು. ಟಿವಿಯ ಕೆಳ ಅಂಚಿನಡಿ ಬೆರಳಾಡಿಸಿದರೆ ಸಣ್ಣ ತೂತುಗಳ ಸಾಲು ಸಿಗುತ್ತದೆ. ವಾರ್ತೆ ಹಾಕಿ. ಒಂದು ಗಟ್ಟಿ ರಟ್ಟನ್ನು ಆ ತೂತುಗಳ ಕೆಳಗೆ, ಕೆಳಕ್ಕೆ ಬರುವ ಸದ್ದು ನಿಮ್ಮ ಕಡೆಗೆ ಪುಟಿಯುವಂತೆ ಓರೆಯಾಗಿ ಹಿಡಿಸಿ. ಸೌಂಡ್ ಏರಿಸದೆಯೇ ಮಾತು ಒಂದು ಹೆಜ್ಜೆ ಮುಂದೆ ಬಂದಂತೆ ಕೇಳುತ್ತದೆ. ಬದಲಾದದ್ದು ದಿಕ್ಕು ಮಾತ್ರ.

ಮೇಲಿಂದ ತಿರುಗುವ ಸೀಲಿಂಗ್ ಫ್ಯಾನಿನ ಭೋರ್ಗರೆತ, ಹೊರಗಿನ ಟ್ರಾಫಿಕ್ಕು, ಅಡುಗೆಮನೆಯ ಮಿಕ್ಸಿ ಎಲ್ಲ ಮೊದಲು ಮುಚ್ಚುವುದು ಈ ದುರ್ಬಲ ವ್ಯಂಜನಗಳನ್ನೇ. ವಯಸ್ಸಾದಂತೆ ಕಿವಿಯೂ ಕಳೆದುಕೊಳ್ಳುವುದು ಮೊದಲು ತಾರದ ತುದಿಯನ್ನು. ಸೌಂಡ್ ಏರಿಸಿದರೆ ಈಗಾಗಲೇ ಸಾಕಷ್ಟಿದ್ದ "ಆ", "ಊ"ಗಳು ಇನ್ನಷ್ಟು ಅಬ್ಬರಿಸುತ್ತವೆ. ಜೋರಾದ ತಗ್ಗಿನ ಸದ್ದು ಪಕ್ಕದ ಎತ್ತರದ ಸದ್ದನ್ನು ಕಿವಿಯೊಳಗೇ ಅಡಗಿಸಿಬಿಡುವುದರಿಂದ ಮಾತು ಇನ್ನಷ್ಟು ಕಲಸಿಹೋಗಬಹುದು. ಹಿರಿಯರು ಸೌಂಡ್ ಎಷ್ಟು ಇಟ್ಟರೂ ಕೇಳುವುದಿಲ್ಲ ಎನ್ನುವಾಗ ಅವರಿಗೆ ಬೇಕಿರುವುದು ಜೋರಲ್ಲ, ಹರಿತ. ಇದನ್ನು ಮನೆಯವರು ಅರಿತುಕೊಂಡರೆ ಎಷ್ಟೋ ಸಂಜೆಗಳ ಜಗಳ ತಪ್ಪುತ್ತದೆ.

ಟೈಲ್ಸ್ ನೆಲ, ಬರಿ ಗೋಡೆ

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾಸಂಗ್ರಹಾಲಯದ ಹೊಸ ಉಪನ್ಯಾಸ ಸಭಾಂಗಣದಲ್ಲಿ ಪಾಠ ಮಾಡಿದವರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಸರಿಪಡಿಸುವ ಹೊಣೆ ವ್ಯಾಲೇಸ್ ಸಬೀನ್ ಎಂಬ ಯುವ ಭೌತಶಾಸ್ತ್ರಜ್ಞನ ಮೇಲೆ ಬಿತ್ತು. ರಾತ್ರಿ ಸದ್ದಡಗಿದ ಮೇಲೆ ಆತ ಆರ್ಗನ್ನಿನ ಒಂದು ಕೊಳವೆಯನ್ನು ನುಡಿಸಿ ನಿಲ್ಲಿಸಿ, ಸದ್ದು ಪೂರ್ತಿ ಆರಲು ಎಷ್ಟು ಹೊತ್ತು ಬೇಕೆಂದು ಅಳೆಯುತ್ತಿದ್ದ. ಖಾಲಿ ಸಭಾಂಗಣದಲ್ಲಿ ಐದೂವರೆ ಸೆಕೆಂಡ್. ಒಂದು ಮಾತಿನ ಬಾಲ ಆರುವಷ್ಟರಲ್ಲಿ ಹತ್ತಾರು ಪದಗಳು ಅದರ ಮೇಲೆ ಬಂದು ಬೀಳುತ್ತಿದ್ದವು. ಪಕ್ಕದ ಸ್ಯಾಂಡರ್ಸ್ ಥಿಯೇಟರಿನಿಂದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು ಹಾಸಿದಂತೆಲ್ಲ ಆ ಹೊತ್ತು ಕಡಿಮೆಯಾಗುತ್ತ ಬಂತು. ಕೋಣೆಯ ಧ್ವನಿವಿಜ್ಞಾನ ಹುಟ್ಟಿದ್ದು ಅಲ್ಲಿ.

ನಮ್ಮ ಹಜಾರಗಳಲ್ಲಿ ಅಷ್ಟು ದೊಡ್ಡ ಅನುರಣನ ಇಲ್ಲ. ಆದರೆ ವಿಟ್ರಿಫೈಡ್ ಟೈಲ್ಸ್ ನೆಲ, ಬಣ್ಣ ಬಳಿದ ಬರಿ ಗೋಡೆ, ಕಾಂಕ್ರೀಟ್ ಸೂರು ಮೂರೂ ಸದ್ದನ್ನು ಹೀರದೆ ಹಿಂದಕ್ಕೆ ಎಸೆಯುತ್ತವೆ. "ಆ" ಇನ್ನೂ ಗುಂಯ್ ಎನ್ನುತ್ತಿರುವಾಗಲೇ ಮುಂದಿನ "ಕ" ಬಂದು ಅದರಡಿ ಮುಚ್ಚಿಹೋಗುತ್ತದೆ. ಟಿವಿಯ ಎದುರು ಒಂದು ದಪ್ಪ ಜಮಖಾನ, ಕಿಟಕಿಗೆ ನೆರಿಗೆಯುಳ್ಳ ಭಾರದ ಪರದೆ, ಹಿಂದಿನ ಗೋಡೆಗೆ ಪುಸ್ತಕ ತುಂಬಿದ ಕಪಾಟು. ಸ್ಪೀಕರ್ ಕೊಳ್ಳುವ ಮೊದಲೇ ಇಷ್ಟು ಮಾಡಿ ನೋಡಿ ಎಂದು ನಾನು ಹೇಳುವುದು ಇದಕ್ಕೇ. ಕುರ್ಚಿಯನ್ನು ನಾಲ್ಕು ಅಡಿ ಮುಂದಕ್ಕೆ ಎಳೆದುಕೊಂಡರೂ ನೇರ ಬರುವ ಮಾತು ಹೆಚ್ಚುತ್ತದೆ, ಗೋಡೆಯಿಂದ ಬರುವ ಗೊಂದಲ ಅಷ್ಟೇ ಇರುತ್ತದೆ.

ಥಿಯೇಟರಿನ ಸದ್ದು ಹಜಾರದಲ್ಲಿ

ಇನ್ನು ಪಿಸುಮಾತು ಮತ್ತು ಹೊಡೆದಾಟದ ನಡುವಿನ ಏರಿಳಿತ. ಸಿನಿಮಾದ ಧ್ವನಿ ಹದಗೊಳಿಸುವುದು ಥಿಯೇಟರಿಗಾಗಿ. ಅಲ್ಲಿ ಫ್ಯಾನಿನ ಸದ್ದಿಲ್ಲ, ಪರದೆಯ ನಡುವೆಯೇ ಮಾತಿಗೆಂದು ಪ್ರತ್ಯೇಕ ಸ್ಪೀಕರ್ ಇರುತ್ತದೆ. 1992ರ ಬ್ಯಾಟ್‌ಮನ್ ರಿಟರ್ನ್ಸ್ ಚಿತ್ರದೊಂದಿಗೆ ಥಿಯೇಟರಿಗೆ ಬಂದ ಡಾಲ್ಬಿ ಡಿಜಿಟಲ್ 5.1ರಲ್ಲಿ ಎಡ, ನಡು, ಬಲ, ಹಿಂದೆ ಎರಡು, ಹೀಗೆ ಐದು ದಾರಿ. ಪಾಯಿಂಟ್ ಒಂದು ಎಂಬುದು ಗುಡುಗು, ಸ್ಫೋಟಗಳ ಮಂದ್ರಕ್ಕೆ. ಮಾತು ಬಹುಪಾಲು ನಡುವಿನದರಲ್ಲಿ. ಮನೆಯ ಟಿವಿಗೆ ಇರುವುದು ಎರಡೇ ಬಾಯಿ. ಐದು ದಾರಿಯದ್ದನ್ನೂ ಎರಡಕ್ಕೆ ಸುರಿಯುವಾಗ ಮಾತಿನ ಮೇಲೆ ಸಂಗೀತ, ಮಳೆ, ಜನಜಂಗುಳಿ ಎಲ್ಲ ಬಂದು ಕೂರುತ್ತವೆ.

ಇದಕ್ಕೆ ಅರ್ಧ ಪರಿಹಾರ ಸೆಟ್ಟಿಂಗ್ಸಿನಲ್ಲೇ ಇದೆ. ಆ್ಯಪಿನಲ್ಲಿ ಭಾಷೆ ಆರಿಸುವ ಕಡೆ 5.1 ಎಂದೂ ಬರೀ ಸ್ಟೀರಿಯೋ ಎಂದೂ ಎರಡಿದ್ದರೆ ಸ್ಟೀರಿಯೋ ಆರಿಸಿ. ಟಿವಿಯಲ್ಲೋ ಸೌಂಡ್‌ಬಾರಿನಲ್ಲೋ "ನೈಟ್ ಮೋಡ್" ಇದ್ದರೆ ಅದು ಜೋರನ್ನು ತಗ್ಗಿಸಿ ಮೆಲುದನಿಯನ್ನು ಎತ್ತುತ್ತದೆ. "ಕ್ಲಿಯರ್ ವಾಯ್ಸ್", "ಡೈಲಾಗ್" ಎಂಬವು ವ್ಯಂಜನಗಳ ಪಟ್ಟಿಯನ್ನು ಮೇಲೆತ್ತುತ್ತವೆ. ಜಾಹೀರಾತು ಬಂದಾಗ ಸದ್ದು ಏರಿದಂತೆ ಅನ್ನಿಸುವುದಕ್ಕೂ ಇಲ್ಲೇ ಉತ್ತರವಿದೆ. ಅದರಲ್ಲಿ ಮೆಲುದನಿಯೇ ಇರದಂತೆ ಎಲ್ಲವನ್ನೂ ಹಿಂಡಿ ಒಂದೇ ಎತ್ತರಕ್ಕೆ ತಂದಿರುತ್ತಾರೆ. ಭಾರತದ ಕೇಬಲ್ ಟೆಲಿವಿಷನ್ ನಿಯಮಗಳು 1994ರಲ್ಲೇ ಜಾಹೀರಾತು ಅತಿಯಾಗಿ ಅಬ್ಬರಿಸಕೂಡದು ಎಂದಿವೆ.

ವ್ಯಾಟ್ ಎಂಬ ಅಂಕಿ

ಅಂಗಡಿಯಲ್ಲಿ ಮೊದಲು ತೋರಿಸುವುದು ವ್ಯಾಟ್. 20 ವ್ಯಾಟ್ ಇದ್ದದ್ದು 40 ಆದರೆ ಸದ್ದು ಎರಡರಷ್ಟು ಎಂದು ತೋರುವುದು ಸಹಜ. ಕಿವಿಯ ಲೆಕ್ಕ ಬೇರೆ. ವ್ಯಾಟ್ ಇಮ್ಮಡಿಯಾದರೆ ಸದ್ದು ಸ್ವಲ್ಪ ಏರಿದಂತೆ ಕೇಳುತ್ತದೆ, ಅಷ್ಟೆ. ಎರಡರಷ್ಟು ಜೋರು ಎನ್ನಿಸಲು ಹತ್ತು ಪಟ್ಟು ವ್ಯಾಟ್ ಬೇಕು. ಮಾಮೂಲಿ ಸೌಂಡಿನಲ್ಲಿ ವಾರ್ತೆ ನೋಡುವಾಗ ಸಾಧಾರಣ ಸ್ಪೀಕರಿಗೆ ಸರಾಸರಿ ಒಂದು ವ್ಯಾಟ್ ಕೂಡ ಹೋಗುವುದಿಲ್ಲ. ಪಿಎಂಪಿಒ ಎಂದು ಬರೆದು ಸಾವಿರಗಟ್ಟಲೆ ತೋರಿಸುವ ಅಂಕಿಗೆ ಒಪ್ಪಿತವಾದ ಅಳತೆಯೇ ಇಲ್ಲ. ಆರ್‌ಎಂಎಸ್ ಎಂಬುದನ್ನು ಮಾತ್ರ ನೋಡಿ. ಅದೂ ಒಂದು ಕಣ್ಣು ಹಾಯಿಸುವಷ್ಟೇ.

ಅದಕ್ಕಿಂತ ಕೋನಿನ ಅಗಲ ಕೇಳಿ. ಅದು ಮುಂದಕ್ಕೆ ಮುಖ ಮಾಡಿದೆಯೇ ನೋಡಿ. ನಾಲ್ಕೈದು ಸಾವಿರಕ್ಕೆ ಸಿಗುವ, ಎರಡು ಅಡಿ ಉದ್ದದ ಸರಳ ಸೌಂಡ್‌ಬಾರ್ ಮಾಡುವ ದೊಡ್ಡ ಉಪಕಾರ ಮಂದ್ರದ್ದಲ್ಲ. ಸ್ಪೀಕರನ್ನು ನೆಲದ ಕಡೆಯಿಂದ ನಮ್ಮ ಮುಖದ ಕಡೆಗೆ ತಿರುಗಿಸುವುದು. ಬೆಲೆಗೆ ಸಿಗುವ ಲಾಭದಲ್ಲಿ ಇದನ್ನು ಮೀರಿಸುವುದು ಕಡಿಮೆ.

ಮಂದ್ರಕ್ಕೆಂದೇ ಇರುವ ಸಬ್‌ವೂಫರ್ ಜೊತೆ ಬರುವ 2.1ರ ಸೆಟ್ಟುಗಳನ್ನು ಎಚ್ಚರದಿಂದ ಆರಿಸಬೇಕು. ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗೊತ್ತಾಗದು. ಹಾಗಾಗಿ ಒಂದೇ ಸಬ್‌ವೂಫರನ್ನು ಸೋಫಾದ ಪಕ್ಕ ಮೂಲೆಯಲ್ಲಿಟ್ಟರೂ ನಡೆಯುತ್ತದೆ. ಆದರೆ ಜೊತೆಗಿನ ಬಾರಿನ ಕೋನ್‌ಗಳು ತೀರಾ ಪುಟ್ಟದಾಗಿದ್ದರೆ 150ರಿಂದ 300 ಹರ್ಟ್ಸ್‌ನ ಭಾಗ ಇಬ್ಬರಿಗೂ ಸೇರದೆ ಉಳಿಯುತ್ತದೆ. ಗಂಡಸಿನ ದನಿಯ ಮೈ ಇರುವುದೇ ಅಲ್ಲಿ. ಅದನ್ನು ತುಂಬಲು ಕೆಲವು ತಯಾರಕರು ಸಬ್‌ವೂಫರನ್ನೇ ಅಷ್ಟೆತ್ತರಕ್ಕೆ ಹಾಡಿಸುತ್ತಾರೆ. ಆಗ ವಾರ್ತೆ ಓದುವವರ ದನಿ ಅರ್ಧ ಮೂಲೆಯಿಂದ ಬರುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವರು ಇನ್ನೊಂದು ನೆನಪಿಡಬೇಕು. ಮಂದ್ರ ಗೋಡೆ, ನೆಲ ದಾಟಿ ಪಕ್ಕದವರ ಮಲಗುವ ಕೋಣೆಗೆ ಹೋಗುತ್ತದೆ. ಮೆಲ್ಲಗೆ ಇಟ್ಟರೆ ನಮಗೇ ಅದು ಇಲ್ಲದಂತಾಗುತ್ತದೆ. ಸೌಂಡ್ ಇಳಿಸಿದಂತೆ ಕಿವಿ ಮಂದ್ರವನ್ನು ಇತರ ಸ್ವರಗಳಿಗಿಂತ ಬೇಗ ಕಳೆದುಕೊಳ್ಳುತ್ತದೆ ಎಂದು ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ.

ಹಾಗಾಗಿ ನನ್ನ ಮೆಚ್ಚುಗೆ ಇನ್ನೊಂದರ ಕಡೆಗಿದೆ. ಆಂಪ್ಲಿಫೈಯರ್ ಒಳಗೇ ಇರುವ, ಟಿವಿಯ ಎಡಬಲದಲ್ಲಿ ಇಡುವ ಒಂದು ಜೊತೆ ಸ್ಪೀಕರ್. ಹತ್ತು ಹನ್ನೆರಡು ಸೆಂಟಿಮೀಟರ್ ಕೋನ್, ಅದರ ಮೇಲೆ ತಾರಕ್ಕೆಂದೇ ಒಂದು ಚಿಕ್ಕ ಟ್ವೀಟರ್, ಮರದ ಪೆಟ್ಟಿಗೆ. ಅಷ್ಟೇ ಬೆಲೆಯ ಸೌಂಡ್‌ಬಾರಿಗಿಂತ ಮಾತೂ ಮೃದಂಗವೂ ಇದರಲ್ಲಿ ಹೆಚ್ಚು ಸಹಜ. ಮನೆಯಲ್ಲಿ ಹಳೆಯ ಸ್ಟೀರಿಯೋ ಸೆಟ್ ಮೂಲೆ ಸೇರಿದ್ದರೆ ಅದನ್ನೇ ಎಬ್ಬಿಸಬಹುದು. ಟಿವಿಯ ಆಪ್ಟಿಕಲ್ ತೂತಿನಿಂದ ಕೆಲವು ನೂರು ರೂಪಾಯಿಯ ಕನ್ವರ್ಟರ್ ಮೂಲಕ ಅದರ ಆಕ್ಸ್‌ಗೆ ತಂತಿ ಎಳೆದರೆ ಆಯಿತು. ಸದ್ದೇ ಬಾರದಿದ್ದರೆ ಟಿವಿಯ ಸೌಂಡ್ ಔಟ್‌ಪುಟ್ಟನ್ನು ಡಾಲ್ಬಿಯಿಂದ ಪಿಸಿಎಂಗೆ ಬದಲಿಸಿ. ಎತ್ತರದಿಂದಲೂ ಸದ್ದು ಸುರಿಸುವ ಅಟ್ಮಾಸ್ ಎಂಬ ಬರಹ ಅಗ್ಗದ ಬಾರಿನ ಮೇಲಿದ್ದರೆ ಅದಕ್ಕೆ ಹೆಚ್ಚು ಹಣ ಕೊಡಬೇಡಿ.

ಒಂದೇ ತಂತಿ, ಒಂದೇ ರಿಮೋಟ್

ಎಷ್ಟೇ ಒಳ್ಳೆಯ ಸೆಟ್ಟಾದರೂ ಹಗಲಲ್ಲಿ ಒಬ್ಬರೇ ಇರುವ ಅಮ್ಮನಿಗೆ ಅದನ್ನು ಆನ್ ಮಾಡಲು ಬಾರದಿದ್ದರೆ ಅದು ಒಳ್ಳೆಯ ಸೆಟ್ಟಲ್ಲ. ಎರಡು ರಿಮೋಟ್, ಮೂರು ಗುಂಡಿ, "ಮೊದಲು ಇದನ್ನೊತ್ತಿ ಆಮೇಲೆ ಅದನ್ನು" ಎಂಬ ಚೀಟಿ ಬೇಕಾದ ಕಡೆ ಜನ ನಾಲ್ಕನೇ ದಿನಕ್ಕೇ ಟಿವಿಯ ಸ್ಪೀಕರಿಗೆ ಮರಳುತ್ತಾರೆ.

ಇದಕ್ಕೆ ಒಳ್ಳೆಯ ದಾರಿ 2009ರ ಎಚ್‌ಡಿಎಂಐ 1.4ರೊಂದಿಗೆ ಬಂತು. ಟಿವಿಯ ಹಿಂದೆ ಎಚ್‌ಡಿಎಂಐ ತೂತುಗಳಲ್ಲಿ ಒಂದರ ಮೇಲೆ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದಿರುತ್ತದೆ. ಟಾರ್ಚ್ ಬಿಟ್ಟು ನೋಡಿ. ಆ ತೂತಿಗೂ ಸೌಂಡ್‌ಬಾರಿನ ಅದೇ ಹೆಸರಿನ ತೂತಿಗೂ ಒಂದು ತಂತಿ. ಡಿಶ್ಶಿನ ಬಾಕ್ಸ್, ಆ್ಯಪ್, ಪೆನ್‌ಡ್ರೈವ್ ಯಾವುದರ ಸದ್ದಾದರೂ ಈ ತಂತಿಯಲ್ಲೇ ಹೊರಬರುತ್ತದೆ. ಇದೇ ತಂತಿಯಲ್ಲಿ ಸಿಇಸಿ ಎಂಬ ಅಪ್ಪಣೆಯೂ ಹರಿಯುತ್ತದೆ. ಟಿವಿ ಆನ್ ಆದರೆ ಬಾರ್ ಆನ್, ಟಿವಿಯ ರಿಮೋಟಿನಲ್ಲೇ ಬಾರಿನ ಸೌಂಡು. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್ಲಿಂಕ್ ಎನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಎನ್ನುತ್ತದೆ. ಸೆಟ್ಟಿಂಗ್ಸಿನಲ್ಲಿ ಅದನ್ನು ಒಮ್ಮೆ ಆನ್ ಮಾಡಿಟ್ಟರೆ ಮತ್ತೆ ಮುಟ್ಟುವ ಕೆಲಸವಿಲ್ಲ.

ತಂತಿಯೇ ಬೇಡ, ಬ್ಲೂಟೂತ್ ಸಾಕು ಎನ್ನುವವರಿಗೆ ಒಂದು ಅಡ್ಡಿ ಇದೆ. ಬ್ಲೂಟೂತಿನಲ್ಲಿ ಸದ್ದನ್ನು ಕಿರಿದುಗೊಳಿಸಿ ಕಳಿಸಿ ಅತ್ತ ಬಿಡಿಸುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವನ್ನೂ ಮೀರಿ ತಡವಾಗುವುದು ಮಾಮೂಲು. ತುಟಿ ಅಲುಗಿದ ಮೇಲೆ ಮಾತು ಬರುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿಯ ಪ್ರಕಾರ ಮಾತು 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ಗೊತ್ತಾಗತೊಡಗುತ್ತದೆ, ಮುಂದೆ ಬಂದರಂತೂ 45ಕ್ಕೇ. ಲೋಕದಲ್ಲಿ ಬೆಳಕು ಮೊದಲು, ಸದ್ದು ನಂತರ ಬರುವುದೇ ವಾಡಿಕೆಯಾದ್ದರಿಂದ ತಡವನ್ನು ನಾವು ಸೈರಿಸುತ್ತೇವೆ, ಅವಸರವನ್ನಲ್ಲ. ಹಾಡು ಕೇಳಲು ಬ್ಲೂಟೂತ್ ಇರಲಿ. ಟಿವಿಗೆ ತಂತಿಯೇ ಸರಿ.

ಅಂಗಡಿಯಲ್ಲಿ ಕೇಳುವಾಗ

ಅಂಗಡಿಯವರು ಹಾಕುವುದು ಸಾಮಾನ್ಯವಾಗಿ ಸ್ಫೋಟವಿರುವ ಟ್ರೇಲರ್. ಅದರಲ್ಲಿ ಎಲ್ಲ ಸೆಟ್ಟುಗಳೂ ಚೆನ್ನಾಗಿಯೇ ಕೇಳುತ್ತವೆ. ನೀವು ಕನ್ನಡ ವಾರ್ತೆ ಹಾಕಿಸಿ, ಸೌಂಡನ್ನು ಪಿಸುಮಾತಿನ ಮಟ್ಟಕ್ಕೆ ಇಳಿಸಿ, ಹತ್ತು ಅಡಿ ದೂರದಲ್ಲಿ ಪರದೆಗೆ ಬೆನ್ನು ಮಾಡಿ ನಿಲ್ಲಿ. ತುಟಿ ಕಾಣಬಾರದು, ಕೆಳಗೆ ಓಡುವ ಅಕ್ಷರವೂ ಕಾಣಬಾರದು. ಊರಿನ ಹೆಸರು, ಮನುಷ್ಯರ ಹೆಸರು ತಪ್ಪದೆ ತಿಳಿಯುತ್ತಿವೆಯೇ ನೋಡಿ. ಹೆಸರುಗಳನ್ನು ಊಹಿಸಲಾಗದು, ವ್ಯಂಜನ ಕೇಳಿದರೆ ಮಾತ್ರ ತಿಳಿಯುತ್ತವೆ. ಆಮೇಲೆ ಮೃದಂಗದ ತನಿ ಆವರ್ತನ ಹಾಕಿಸಿ, ಎಡಗೈಯ ಪೆಟ್ಟು ಎಣಿಸಲು ಬರುತ್ತದೆಯೇ ನೋಡಿ. ಸಾಧ್ಯವಿದ್ದರೆ ಮನೆಯಲ್ಲಿ ಹೆಚ್ಚು ಹೊತ್ತು ಟಿವಿ ನೋಡುವ ಹಿರಿಯರನ್ನೇ ಕರೆದುಕೊಂಡು ಹೋಗಿ. ಅವರಿಗೆ ಯಾವುದರಲ್ಲಿ ಹೆಸರುಗಳು ತಿಳಿದವೋ ಅದನ್ನು ಕಟ್ಟಿಸಿಕೊಂಡು ಬನ್ನಿ. ಮನೆಗೆ ತಂದ ಮೇಲೆ ಬಾರನ್ನು ಶೋಕೇಸಿನ ಗೂಡಿನೊಳಗೆ ತಳ್ಳದೆ ಸ್ಟ್ಯಾಂಡಿನ ಮುಂದಿನ ಅಂಚಿಗೆ ಎಳೆದಿಡಿ.